ಒದೆತ ಹೊರುವ ನೆಲ

ಕಲಬುರಗಿ ಕೋಟೆಯ ಬಾರಾ ಗಜ್ ತೋಪು ಸುಮಾರು 29 ಅಡಿ ಉದ್ದವಿದೆ. ನೋಡಲು ಬಂದವರ ಕಣ್ಣು ಆ ನಳಿಕೆಯ ಮೇಲೇ ನಿಲ್ಲುತ್ತದೆ, ಕೆಳಗಿನ ಕಲ್ಲುಗಟ್ಟಿನತ್ತ ಹೊರಳುವುದು ಕಡಿಮೆ. ಗುಂಡು ಮುಂದಕ್ಕೆ ಹಾರಿದಾಗ ತೋಪು ಹಿಂದಕ್ಕೆ ಒದೆಯುತ್ತದೆ, ಆ ಒದೆತವನ್ನು ಏನಾದರೊಂದು ಹೊರಲೇಬೇಕು. ಕೋಟೆಗಳಲ್ಲಿ ಅದನ್ನು ಬುರುಜು ಹೊತ್ತಿತು. ಇಂದಿನ ಸೇನೆಗಳು ಮಾರ್ಟರನ್ನು ವಾಹನಕ್ಕೇರಿಸಿರುವುದು ವೇಗಕ್ಕಾಗಿ ಎಂಬ ಮಾತು ರೂಢಿಯಲ್ಲಿದೆ. ನನ್ನ ಪ್ರಕಾರ ವೇಗದ ಮಾತು ಆಮೇಲಿನದು. ವಾಹನ ಮೊದಲು ಕೊಡುವುದು ಗಟ್ಟಿ ನೆಲವನ್ನು.

ಮಾರ್ಟರಿನ ನಳಿಕೆ ಆಕಾಶದತ್ತ ನಿಂತಿರುವುದರಿಂದ ಒದೆತದ ಬಹುಪಾಲು ನೆಲಕ್ಕೇ ಇಳಿಯುತ್ತದೆ. 81 ಮಿ.ಮೀ. ಮಾರ್ಟರಿನ ಗುಂಡು ಸುಮಾರು 4 ಕೆ.ಜಿ. ತೂಗುತ್ತದೆ. ಅದು ಸೆಕೆಂಡಿಗೆ 250 ಮೀಟರ್ ವೇಗದಲ್ಲಿ ಹೊರಬಿತ್ತು, ನಳಿಕೆ ದಾಟಲು ಸೆಕೆಂಡಿನ ನೂರನೇ ಒಂದು ಭಾಗ ಹಿಡಿಯಿತು ಎಂದಿಟ್ಟುಕೊಂಡರೆ, ಆ ಗಳಿಗೆಯಲ್ಲಿ ತಳದ ಉಕ್ಕಿನ ತಟ್ಟೆಯ ಮೇಲೆ ಸರಾಸರಿ 10 ಟನ್ ಭಾರ ಬಿದ್ದಂತಾಯಿತು. ಕಲಬುರಗಿಯಿಂದ ಕಮಲಾಪುರದ ದಾರಿಯಲ್ಲಿ ಸಿಗುವ ಎರೆ ಹೊಲವೊಂದನ್ನು ತೆಗೆದುಕೊಳ್ಳಿ. ಬೇಸಿಗೆಯಲ್ಲಿ ಬಿರುಕು ಬಿಡುವ ಆ ಮಣ್ಣು ಮಳೆ ಬಿದ್ದೊಡನೆ ನೀರು ಹೀರಿ ಉಬ್ಬಿ, ಕಾಲಿಗೆ ಹೆಂಟೆಯಾಗಿ ಮೆತ್ತಿಕೊಳ್ಳುತ್ತದೆ. ಅಂಥಲ್ಲಿ ತಟ್ಟೆ ಗುಂಡುಗುಂಡಿಗೂ ಹೂತು ಓರೆಯಾಗುತ್ತದೆ. ನಳಿಕೆ ಪಕ್ಕಕ್ಕೆ 1 ಡಿಗ್ರಿ ಹೊರಳಿದರೂ 4 ಕಿ.ಮೀ. ದೂರದಲ್ಲಿ ಗುಂಡು 70 ಮೀಟರ್ ಆಚೆ ಬೀಳುತ್ತದೆ. ಗುರಿಯ ಬಳಿಯೇ ಊರೊಂದಿದ್ದರೆ ಆ 70 ಮೀಟರಿನ ಬೆಲೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಭಾರತೀಯ ಸೇನೆಯ ಮಾರ್ಟರ್ ವಾಹನಕ್ಕೆ ಬಿಎಂಪಿ-2 ಯುದ್ಧವಾಹನವೇ ಆಧಾರ. ಹದಿನಾಲ್ಕು ಟನ್ನಿನ ಒಡಲಿಗೆ ಅದೇ ಒದೆತ ತಗುಲಿದರೆ ಅದು ಪಡೆಯುವ ವೇಗ ಸೆಕೆಂಡಿಗೆ ಏಳೆಂಟು ಸೆಂಟಿಮೀಟರ್ ಮಾತ್ರ. ಅಷ್ಟನ್ನು ಅದರ ಸಸ್ಪೆನ್ಷನ್ ನುಂಗಿಕೊಳ್ಳುತ್ತದೆ, ಉಳಿದದ್ದನ್ನು ಅಗಲವಾದ ಉಕ್ಕಿನ ಪಟ್ಟಿಗಳು ಮಣ್ಣಿಗೆ ಹಂಚುತ್ತವೆ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಬೆಂಗಳೂರಿನ ಬಿಇಎಲ್ ತಯಾರಿಸುವ ಸ್ವಾತಿಯಂಥ ರಾಡಾರ್, ಹಾರುವ ಗುಂಡಿನ ಪಥ ಹಿಡಿದು ಅದು ಹೊರಟ ಜಾಗವನ್ನೇ ಗುರುತಿಸಿಬಿಡುತ್ತದೆ. ಹಾಗಾಗಿ ಹಾರಿಸಿದವರು ಕೂಡಲೇ ಜಾಗ ಬಿಡಬೇಕು, ವೇಗವೇ ಮುಖ್ಯವಲ್ಲವೇ? ಹೌದು, ಆದರೆ ಕೆಸರಿನಲ್ಲಿ ಹೂತ ತಟ್ಟೆಯನ್ನು ಸಲಿಕೆಯಿಂದ ಅಗೆದು ತೆಗೆಯಬೇಕಾದವರು ಕೂಡಲೇ ಹೊರಡುವುದೆಲ್ಲಿ? ವೇಗ ಸಿಗುವುದೂ ಆ ಹೊತ್ತುತಂದ ನೆಲದಿಂದಲೇ. ಚಕ್ರವಾಗಲಿ ಪಟ್ಟಿಯಾಗಲಿ ಏರಲಾರದ ಹಿಮಾಲಯದ ಕಡಿದಾದ ಜಾಡುಗಳಲ್ಲಿ ಮಾತ್ರ ನನ್ನ ವಾದ ನಡೆಯದು. ಅಲ್ಲಿ ನಳಿಕೆ, ಕಾಲು, ತಟ್ಟೆಗಳನ್ನು ಬಿಡಿಬಿಡಿಯಾಗಿ ಸೈನಿಕರ ಬೆನ್ನೇ ಹೊರಬೇಕು.