ಅಳಿವೆಯ ಬಿಳಿ ಹಕ್ಕಿ ಯಾವುದು?

ಕುಮಟಾ ಬಳಿಯ ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಕೆಸರು ಬಯಲಾದಾಗ, ಬೆಳ್ಳಕ್ಕಿಗಳ ನಡುವೆ ಗಾಢ ಬೂದು ಬಣ್ಣದ ಹಕ್ಕಿಯೊಂದು ಕಾಣಿಸುವುದುಂಟು. ಮೈಕಟ್ಟು ಬೆಳ್ಳಕ್ಕಿಯದೇ, ಗಂಟಲು ಮಾತ್ರ ಬಿಳಿ. ಇದು ವೆಸ್ಟರ್ನ್ ರೀಫ್ ಹೆರಾನ್. ಪಶ್ಚಿಮ ಆಫ್ರಿಕಾ, ಕೆಂಪು ಸಮುದ್ರ, ಪರ್ಷಿಯನ್ ಕೊಲ್ಲಿಯ ತೀರಗಳಿಂದ ನಮ್ಮ ಕರಾವಳಿಯವರೆಗೆ ಇದರ ನೆಲೆ. ಬೂದು ಹಕ್ಕಿಯನ್ನು ಗುರುತಿಸಲು ಪರಿಣತಿಯೇನೂ ಬೇಕಿಲ್ಲ.

ಫಜೀತಿ ಇರುವುದು ಬಿಳಿಯದರಲ್ಲಿ.

ಈ ಜಾತಿಯಲ್ಲಿ ಬೂದು, ಬಿಳಿ ಎರಡೂ ಬಣ್ಣದವು ಇವೆ. ಇದು ಗಂಡು-ಹೆಣ್ಣಿನ ವ್ಯತ್ಯಾಸವಲ್ಲ, ಋತುವಿಗೆ ತಕ್ಕಂತೆ ಬದಲಾಗುವ ಉಡುಪೂ ಅಲ್ಲ. ಎರಡರ ನಡುವಿನ, ಬೂದು-ಬಿಳಿ ಮಚ್ಚೆಯ ಹಕ್ಕಿಗಳೂ ಸಿಗುತ್ತವೆ. ಹಾಗಾಗಿ ಅಳಿವೆಯಲ್ಲಿ ಕಂಡ ಬಿಳಿ ಹಕ್ಕಿ ಸಣ್ಣ ಬೆಳ್ಳಕ್ಕಿಯೇ ಎಂದು ಬರೆದುಕೊಳ್ಳುವುದು ಅವಸರದ ಮಾತು.

ಮೊದಲು ಕೊಕ್ಕು ನೋಡಬೇಕು. ಸಣ್ಣ ಬೆಳ್ಳಕ್ಕಿಯದು ಸಪೂರ, ನೇರ, ಕಪ್ಪು. ರೀಫ್ ಹೆರಾನ್‌ನದು ತುಸು ದಪ್ಪ, ತುದಿಯತ್ತ ನಸು ಬಾಗಿದ್ದು. ಬಣ್ಣ ಹೆಚ್ಚಾಗಿ ಹಳದಿ ಬೆರೆತ ಕಂದು. ಬಣ್ಣಕ್ಕಿಂತ ಆಕಾರವೇ ಹೆಚ್ಚು ನಂಬಿಕೆಗೆ ಅರ್ಹ, ಏಕೆಂದರೆ ಮರಿ ಮಾಡುವ ಕಾಲದಲ್ಲಿ ಕೊಕ್ಕು, ಮುಖದ ಚರ್ಮಗಳ ಬಣ್ಣ ಬದಲಾಗುತ್ತದೆ. ಇನ್ನು ಕಾಲು: ಬೆಳ್ಳಕ್ಕಿಯ ಕಪ್ಪು ಕಾಲು ಪಾದದಲ್ಲಿ ಥಟ್ಟನೆ ಹಳದಿಯಾಗುತ್ತದೆ, ಕಾಲುಚೀಲ ತೊಟ್ಟ ಹಾಗೆ. ರೀಫ್ ಹೆರಾನ್‌ನಲ್ಲಿ ಆ ಗೆರೆ ಅಷ್ಟು ಸ್ಪಷ್ಟವಲ್ಲ. ಮಂಕು ಹಸಿರು-ಹಳದಿ ಪಾದದಿಂದ ಮೇಲಕ್ಕೂ ಹರಡಿರುತ್ತದೆ. ಆದರೆ ಕೆಸರಿನಿಂದ ಎದ್ದ ಕಾಲನ್ನು ನೋಡಿ ತೀರ್ಪು ಕೊಡಬಾರದು. ಹಕ್ಕಿ ತಿಳಿನೀರಿಗೆ ಇಳಿಯುವವರೆಗೆ ಕಾಯಬೇಕು.

ನೆಲೆಯೂ ಸುಳಿವೇ, ಆದರೆ ಅರ್ಧ ಸುಳಿವು. ರೀಫ್ ಹೆರಾನ್ ಉಪ್ಪುನೀರು, ಬಂಡೆ, ಕಾಂಡ್ಲಾ ಕಾಡುಗಳ ಹಕ್ಕಿ. ಗದ್ದೆ-ಕೆರೆಗಳ ಬೆಳ್ಳಕ್ಕಿಯೂ ಅಲ್ಲಿಗೆ ಆರಾಮಾಗಿ ಬರುತ್ತದೆ. ಇವೆರಡು ಜಾತಿ ಬೆರೆತು ಮರಿ ಮಾಡಿದ ನಿದರ್ಶನಗಳೂ ಇವೆ. ಅಂಥ ಮರಿಯ ಮುಂದೆ ಕ್ಷೇತ್ರ ಕೈಪಿಡಿಗಳೂ ತಡವರಿಸುತ್ತವೆ.

ಕೊಕ್ಕು, ಕಾಲು ಎರಡೂ ಒಂದೇ ಹೆಸರನ್ನು ಹೇಳದಿದ್ದರೆ ಬಲವಂತವಾಗಿ ಹೆಸರಿಡುವ ಅಗತ್ಯವಿಲ್ಲ. ಹಕ್ಕಿ ನೋಡಿದವರು ಪಟ್ಟಿ ಸೇರಿಸುವ ಇಬರ್ಡ್‌ನಲ್ಲಿ ‘ಸಣ್ಣ ಬೆಳ್ಳಕ್ಕಿ ಅಥವಾ ವೆಸ್ಟರ್ನ್ ರೀಫ್ ಹೆರಾನ್’ ಎಂಬ ಜಂಟಿ ನಮೂದಿಗೇ ಅವಕಾಶವಿದೆ. ಅನುಮಾನವಿದ್ದಾಗ ಅದನ್ನೇ ಬಳಸಿ, ಕೊಕ್ಕು ಮತ್ತು ಪಾದ ಕಾಣುವಂಥ ಒಂದು ಚಿತ್ರ ಜೊತೆಗಿಡಿ.