ಹೀರುವುದೂ ಇಂಗುವುದೂ

ಇಂಗ್ಲೀಷ್ ಭಾಷೆಯಲ್ಲಿ 'ಅಬ್ಸಾರ್ಬ್' ಎಂಬುದೊಂದು ಕ್ರಿಯಾಪದವುಂಟು. ಹೀರು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಅದು ಹುಟ್ಟಿರುವುದು. ನಮ್ಮ ಮಕ್ಕಳು 'ಹೀರು' ಎಂಬ ಆ ಒಂದೇ ಅರ್ಥವನ್ನು ಬಾಯಿಪಾಠ ಮಾಡಿ, ಎಲ್ಲೆಡೆಯಲ್ಲಿಯೂ ಅದನ್ನೇ ಪ್ರಯೋಗಿಸುವರು. ಇದರಿಂದಾಗುವ ಹಾನಿಯು ಬರಿಯ ಭಾಷೆಯದಲ್ಲವೆಂಬುದನ್ನು ಕುಂದಗೋಳ ತಾಲೂಕಿನ ಸಂಶಿಯ ಸೀಮೆಯಲ್ಲಿಯೇ ನಿಂತು ನೋಡೋಣ.

ಈ ಸೀಮೆಯದು ಎರೆಭೂಮಿ. ಬೇಸಗೆಯಲ್ಲಿ ಬಾಯಿಬಿಟ್ಟ ನೆಲವು ಮೊದಲ ಮಳೆಯನ್ನು ಬಿರುಕುಗಳ ಮೂಲಕ ಗಟಗಟನೆ ಕುಡಿಯುವುದು. ಆದರೆ ನೀರುಂಡ ಜೇಡಿಯು ಉಬ್ಬಿದೊಡನೆ ಬಿರುಕುಗಳು ಮುಚ್ಚಿಕೊಳ್ಳುವುವು. ಮುಂದಣ ಮಳೆಯ ಹೆಚ್ಚಿನ ಪಾಲು ಒಳಗಿಳಿಯಲಾರದೆ ಹರಿದುಹೋಗುವುದು. ಹೀರಿದ ತೇವವನ್ನು ಈ ಮಣ್ಣು ಬಹುದಿನ ಹಿಡಿದಿಡುವುದರಿಂದಲೇ ಹಿಂಗಾರಿಯ ಬಿಳಿಜೋಳ, ಕಡಲೆ, ಕುಸುಬೆಗಳು ಬೆಳೆಯುವುವು. ನೆಲವು ನೀರನ್ನು ಹೀರಿತೆಂದರೆ ಬೆಳೆಗೆ ಆಸರೆಯಾಯಿತು. ನೀರು ಇಂಗಿತೆಂದರೆ ಕೆಳಗಿಳಿದು ಅಂತರ್ಜಲದ ಕಡೆಗೆ ಹೋಯಿತು. 'ಅಬ್ಸಾರ್ಬ್' ಎಂಬುದು ಮೊದಲನೆಯದಕ್ಕೆ ಸಲ್ಲುವುದು. ಎರಡನೆಯದಕ್ಕೆ ಅವರಲ್ಲಿ 'ಪರ್ಕೋಲೇಟ್' ಎಂಬ ಬೇರೆ ಶಬ್ದವೇ ಇರುವುದು. ಇವೆರಡನ್ನೂ ಒಂದೆಂದು ಬಗೆದವನು, ಹೊಲ ಕುಡಿದ ಮಳೆಯಿಂದಲೇ ಬಾವಿ ತುಂಬುವುದೆಂದು ನಂಬಿ ಕೆಡುವನು. ಇಳಿಜಾರಿಗೆ ಅಡ್ಡಲಾಗಿ ಒಡ್ಡು ಹಾಕಿ, ಮಿಕ್ಕು ಹರಿವ ನೀರನ್ನು ಕೃಷಿಹೊಂಡದಲ್ಲಿ ನಿಲ್ಲಿಸುವವನೇ ಜಾಣನು.

ಇನ್ನು ಮನಸ್ಸಿನ ಮಾತು. ಸಂಗೀತದಲ್ಲಿ ಒಬ್ಬನು 'ಅಬ್ಸಾರ್ಬ್' ಆದನೆಂದರೆ ತಲ್ಲೀನನಾದನೆಂದರ್ಥ. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಲ್ಲಿ ಶಿಷ್ಯವೃತ್ತಿ ಮಾಡಿದರು. ಅವರು ಗುರುವಿನ ವಿದ್ಯೆಯನ್ನು ಹೀರಿದರೆಂದರೆ ಗುರುವು ಬರಿದಾದಂತೆ ಕೇಳಿಸುವುದು; ಮೈಗೂಡಿಸಿಕೊಂಡರೆಂದರೆ ವಿದ್ಯೆಯು ಇಬ್ಬರಲ್ಲಿಯೂ ಉಳಿಯುವುದು.

ರಾಜಕಾರಣದಲ್ಲಿ ಇದರ ಅರ್ಥವು ಮತ್ತೆ ಬೇರೆ. ಕುಂದಗೋಳವನ್ನು ಒಳಗೊಂಡಿದ್ದ ಜಮಖಂಡಿ ಸಂಸ್ಥಾನವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರಲ್ಲಿ ಧಾರವಾಡ ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿತು. ಮುಂಬಯಿಯು ಸಂಸ್ಥಾನವನ್ನು ಹೀರಿತೆಂದು ಬರೆದರೆ ಓದುವವರು ನಗುವರು. ವರ್ತಕನು ನಷ್ಟವನ್ನು 'ಅಬ್ಸಾರ್ಬ್' ಮಾಡಿದನೆಂಬಲ್ಲಿ, ಬೆಲೆಯೇರಿಸದೆ ತಾನೇ ಹೊತ್ತನೆಂದು ತಿಳಿಯತಕ್ಕದ್ದು.

ಆದುದರಿಂದ ಮಕ್ಕಳಿಗೆ ಪರಭಾಷೆಯ ಶಬ್ದವನ್ನು ಕಲಿಸುವಾಗ, ಯಾವುದು ಯಾವುದರೊಳಗೆ ಸೇರಿತು, ಸೇರಿದ ಮೇಲೆ ಉಳಿಯಿತೋ ಅಳಿಯಿತೋ ಎಂದು ಕೇಳಿರಿ. ಉತ್ತರವು ದೊರೆತೊಡನೆ ತಕ್ಕ ಕನ್ನಡ ಶಬ್ದವು ತಾನಾಗಿಯೇ ನಾಲಗೆಗೆ ಬರುವುದು.