ನಿಮಗಿದು ಗೊತ್ತೇ? ಪುರಸಭೆಯ ಸಲಹೆಗಾರ ಪ್ಲಾಟಿನ ಏಜೆಂಟ್ ಆಗುವುದು ಯಾವಾಗ

● ಗೋಕಾಕ ನಗರಸಭೆಗೋ, ಮೂಡಲಗಿ ಅಥವಾ ಹುಕ್ಕೇರಿ ಪುರಸಭೆಗೋ ರಸ್ತೆ, ಒಳಚರಂಡಿ, ಬಡಾವಣೆಯ ಯೋಜನಾ ವರದಿ ಬರೆದುಕೊಡುವ ಸಲಹೆಗಾರರಿಗೆ ರಿಯಲ್ ಎಸ್ಟೇಟ್ ಏಜೆಂಟರ ನೋಂದಣಿ ಬೇಕಿಲ್ಲ. ನಕ್ಷೆ, ಅಂದಾಜುಪಟ್ಟಿ, ವರದಿ ಎಷ್ಟು ದಪ್ಪವಿದ್ದರೂ ಅದು ಸಲಹೆಯೇ.

● ಅದೇ ಮನುಷ್ಯ ನೋಂದಾಯಿತ ಬಡಾವಣೆಯ ಪ್ಲಾಟಿಗೆ ಗಿರಾಕಿ ಕರೆತಂದು ಕಮಿಷನ್ ಎಣಿಸಿಕೊಂಡರೆ ಮಾತು ಬೇರೆ. 2016ರ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆ, ಅಂದರೆ ರೇರಾ, ಕೊಳ್ಳುವವರನ್ನೂ ಮಾರುವವರನ್ನೂ ಯಾವುದೇ ಮಾಧ್ಯಮದ ಮೂಲಕ ಪರಿಚಯಿಸುವವರನ್ನು ಕೂಡ ಏಜೆಂಟ್ ಎಂದೇ ಎಣಿಸುತ್ತದೆ. ದಲ್ಲಾಳಿ, ಮಧ್ಯವರ್ತಿ, ಡೀಲರ್ ಎಂದು ಯಾವ ಹೆಸರಿಟ್ಟುಕೊಂಡರೂ ತಪ್ಪಿಸಿಕೊಳ್ಳಲಾಗದು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪ್ಲಾಟಿನ ಫೋಟೊ ಹಾಕಿ ಇಬ್ಬರನ್ನು ಕೂಡಿಸಿ ಹಣ ಪಡೆಯುವವರೂ ಇದನ್ನು ಓದಿಕೊಳ್ಳಬೇಕು.

● ಕರ್ನಾಟಕದ ರೇರಾ ನಿಯಮಗಳು ಬಂದದ್ದು 2017ರ ಜುಲೈನಲ್ಲಿ. ಅವುಗಳ ಪ್ರಕಾರ ಏಜೆಂಟ್ ಒಬ್ಬ ವ್ಯಕ್ತಿಯಾದರೆ ನೋಂದಣಿ ಶುಲ್ಕ 25,000 ರೂಪಾಯಿ, ಸಂಸ್ಥೆಯಾದರೆ 2 ಲಕ್ಷ. ನೋಂದಣಿಯ ಅವಧಿ 5 ವರ್ಷ.

● ನೋಂದಣಿ ಇಲ್ಲದೆ ಮಾರಿಸಿದರೆ? ದಿನಕ್ಕೆ 10,000 ರೂಪಾಯಿ ದಂಡ. ಒಟ್ಟು ದಂಡ ಆ ಪ್ಲಾಟಿನ ಬೆಲೆಯ ಶೇಕಡಾ 5 ಮುಟ್ಟುವವರೆಗೆ. 20 ಲಕ್ಷದ ಪ್ಲಾಟಿಗೆ ಲೆಕ್ಕ ಹಾಕಿ: ಹತ್ತೇ ದಿನಕ್ಕೆ 1 ಲಕ್ಷ. ಗಳಿಸಿದ ಕಮಿಷನ್ನು ಅಲ್ಲಿಗೇ ಖಾಲಿ.

● ನೋಂದಣಿ ಬೇಕಾದ ಬಡಾವಣೆ ಯಾವುದು? 500 ಚದರ ಮೀಟರ್ ಮೀರಿದ್ದು. ನಮ್ಮ ಕಡೆಯ ಅಳತೆಯಲ್ಲಿ ಹೇಳುವುದಾದರೆ ಒಂದು ಗುಂಟೆ ಎಂದರೆ ಸುಮಾರು 101.17 ಚದರ ಮೀಟರ್. ಐದು ಗುಂಟೆ ತುಂಬಿತೆಂದರೆ ಗಡಿ ದಾಟಿತು, ಅದೂ ಬರೀ ಆರು ಚದರ ಮೀಟರಿನಷ್ಟು ಅಂತರದಲ್ಲಿ. ಎಕರೆಗಟ್ಟಲೆ ಎನ್ಎ (ಕೃಷಿಯೇತರ ಪರಿವರ್ತನೆ) ಮಾಡಿಸಿ ಕಲ್ಲು ನೆಡುವವರು ‘ನಮ್ಮದು ಸಣ್ಣ ಲೇಔಟ್ರೀ’ ಎಂದರೆ ನಂಬಬೇಡಿ.

● ಇನ್ನೊಂದು ಷರತ್ತು, ಜಾಗ ನಗರ ಯೋಜನಾ ಪ್ರದೇಶದೊಳಗಿರಬೇಕು. ಅದರಾಚೆಯ ಹಳ್ಳಿಯ ಬಡಾವಣೆಯನ್ನೂ ರೇರಾ ಪ್ರಾಧಿಕಾರ ಬೇಕೆನಿಸಿದರೆ ಆದೇಶ ಹೊರಡಿಸಿ ನೋಂದಣಿಗೆ ಎಳೆಯಬಹುದು.

● ಹಾಗಾದರೆ ಕಬ್ಬಿನ ಹೊಲ ಮಾರಿಸಿಕೊಟ್ಟವರು? ಅವರಿಗೆ ರೇರಾ ತಟ್ಟುವುದಿಲ್ಲ. ಹೊಲ ಬಡಾವಣೆ ಯೋಜನೆಯಲ್ಲ. ಊರೊಳಗಿನ ಹಳೇ ಮನೆ ಕೈ ಬದಲಾಯಿಸಿದರೂ ಅಷ್ಟೇ. ಇಲ್ಲೊಂದು ವಿಚಿತ್ರವಿದೆ. ಎಪಿಎಂಸಿ ಯಾರ್ಡಿನಲ್ಲಿ ಗೋವಿನಜೋಳ, ಬೆಲ್ಲದ ದಲಾಲಿ ಮಾಡುವವರಿಗೆ 1966ರ ಕೃಷಿ ಮಾರುಕಟ್ಟೆ ಕಾಯ್ದೆಯಡಿ ಲೈಸೆನ್ಸ್ ಕಡ್ಡಾಯ. ಆ ಗೋವಿನಜೋಳ ಬೆಳೆದ ಭೂಮಿಯನ್ನೇ ಮಾರಿಸುವವರಿಗೆ ಯಾವ ಲೈಸೆನ್ಸೂ ಇಲ್ಲ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದ ಮೇಲೆ ರೈತರಲ್ಲದವರೂ ಹೊಲ ಕೊಳ್ಳಬಹುದಾಗಿದೆ, ಅಂದರೆ ಇಂಥ ದಲ್ಲಾಳಿಗಳಿಗೆ ಗಿರಾಕಿಗಳ ಬಾಗಿಲೂ ದೊಡ್ಡದಾಗಿದೆ. ಕಾನೂನು ತೂಗುವ ತಕ್ಕಡಿ ಇಲ್ಲಿ ಸರಿಯಿಲ್ಲ ಎಂದೇ ನನ್ನ ಅಭಿಪ್ರಾಯ.

● ಪುರಸಭೆಯೇ ಸ್ವಂತ ಜಾಗದಲ್ಲಿ ಪ್ಲಾಟು ಹಾಕಿ ಮಾರಿದರೆ ರೇರಾ ಪ್ರಕಾರ ಅದೂ ಪ್ರವರ್ತಕನೇ, ಅಂದರೆ ಪ್ರಮೋಟರ್. ಕಾಯ್ದೆಯ ವ್ಯಾಖ್ಯೆಯಲ್ಲಿ ಅಭಿವೃದ್ಧಿ ಪ್ರಾಧಿಕಾರ, ಸಾರ್ವಜನಿಕ ಸಂಸ್ಥೆಗಳೂ ಸೇರಿವೆ. ಅಂಥ ಪ್ಲಾಟುಗಳನ್ನು ಕಮಿಷನ್ ಮೇಲೆ ಮಾರಿಸಲು ಒಪ್ಪಿದ ಸಲಹೆಗಾರರು ಏಜೆಂಟರಾಗಿ ನೋಂದಾಯಿಸಿಕೊಳ್ಳಲೇಬೇಕು. ಬಸ್ ನಿಲ್ದಾಣದ ಪಕ್ಕದ ಮಳಿಗೆಗಳ ಬಾಡಿಗೆ ಹರಾಜು ಮಾತ್ರ ಇದರೊಳಗೆ ಬರದು. ರೇರಾ ಏಜೆಂಟರ ಮಾತು ಮಾರಾಟಕ್ಕಷ್ಟೇ.

● ಸಲಹೆಗಾರರ ನೇಮಕಕ್ಕೆ ಲೈಸೆನ್ಸ್ ಬೇಡವೆಂದರೆ ನಿಯಮವೇ ಇಲ್ಲವೆಂದಲ್ಲ. 1999ರ ಸಾರ್ವಜನಿಕ ಸಂಗ್ರಹಣೆ ಪಾರದರ್ಶಕತೆ ಕಾಯ್ದೆ, ಜನರ ಬಾಯಲ್ಲಿ ಕೆಟಿಪಿಪಿ, ನಗರಸಭೆ, ಪುರಸಭೆಗಳಿಗೂ ಅನ್ವಯಿಸುತ್ತದೆ. ಇನ್ನು ‘ಆರ್ಕಿಟೆಕ್ಟ್’ ಎಂದು ಬೋರ್ಡು ಹಾಕಿಕೊಳ್ಳಲು 1972ರ ವಾಸ್ತುಶಿಲ್ಪಿಗಳ ಕಾಯ್ದೆಯಂತೆ ನೋಂದಣಿ ಬೇಕೇ ಬೇಕು. ‘ಕನ್ಸಲ್ಟಂಟ್’ ಎಂಬ ಬೋರ್ಡಿಗೆ ಅಂಥ ಕಾವಲಿಲ್ಲ.

● ತೆರಿಗೆಯಲ್ಲೂ ಸಲಹೆಗಾರ, ಏಜೆಂಟ್ ಇಬ್ಬರ ದಾರಿ ಬೇರೆ. ಸಂವಿಧಾನದ 243ಡಬ್ಲ್ಯು ವಿಧಿ ನಗರ ಸಂಸ್ಥೆಗಳಿಗೆ ವಹಿಸಿದ ಕೆಲಸಕ್ಕೆ, ಉದಾಹರಣೆಗೆ ನಗರ ಯೋಜನೆಗೆ, ಪುರಸಭೆಗೆ ನೀಡುವ ಸಾಮಗ್ರಿ ಸೇರದ ಬರೀ ಸೇವೆಗೆ ಜಿಎಸ್‌ಟಿ ಇಲ್ಲ. ದಲ್ಲಾಳಿ ಕಮಿಷನ್ನಿಗೆ, ವಹಿವಾಟು ಮಿತಿ ಮೀರಿದರೆ, ಶೇಕಡಾ 18.

● ಸಂಕೇಶ್ವರ ದಾಟಿ ಮಹಾರಾಷ್ಟ್ರದ ಗಡಹಿಂಗ್ಲಜಕ್ಕೆ ಹೋದರೆ ಏಜೆಂಟರು ಬರೀ ಶುಲ್ಕ ಕಟ್ಟಿದರೆ ಸಾಲದು. ಅಲ್ಲಿನ ರೇರಾ 2023ರಿಂದ ಏಜೆಂಟರಿಗೆ ತರಬೇತಿ, ಪರೀಕ್ಷೆ ತಂದಿದೆ. ಅಮೆರಿಕದ ರಾಜ್ಯಗಳಲ್ಲೂ ಪರೀಕ್ಷೆ ಬರೆದೇ ಬ್ರೋಕರ್ ಲೈಸೆನ್ಸ್ ಪಡೆಯಬೇಕು. ನಮ್ಮ 2017ರ ನಿಯಮಗಳಲ್ಲಿ ಪರೀಕ್ಷೆಯ ಮಾತೇ ಇರಲಿಲ್ಲ.

● ಯಾವ ನೋಂದಣಿಯೂ ಹಿಡಿಯಲಾರದ ಒಂದು ಸಂಗತಿ ಉಳಿಯುತ್ತದೆ. ಹೊಸ ರಸ್ತೆ ಯಾವ ದಿಕ್ಕಿಗೆ ಎಂದು ಊರಿಗಿಂತ ಮೊದಲು ತಿಳಿಯುವುದು ಯೋಜನಾ ವರದಿ ಬರೆಯುವವರಿಗೆ. ಮೂಡಲಗಿಯಂತೆ ಗೋಕಾಕದಿಂದ ಬೇರೆಯಾಗಿ ಹೊಸ ತಾಲ್ಲೂಕು ಕೇಂದ್ರವಾದ ಊರಲ್ಲಿ ಆ ಸುದ್ದಿಗೆ ಬಂಗಾರದ ಬೆಲೆ. ಸಲಹೆಗಾರ, ಅವರ ಮನೆಯವರು ಆ ದಾರಿಯ ಅಕ್ಕಪಕ್ಕ ಜಾಗ ಕೊಳ್ಳುವಂತಿಲ್ಲ, ಮಾರಿಸುವಂತಿಲ್ಲ ಎಂಬ ಷರತ್ತನ್ನು ಟೆಂಡರಿನಲ್ಲೇ ಬರೆಸುವುದು ಪುರಸಭಾ ಸದಸ್ಯರ ಕೈಯಲ್ಲಿದೆ. ರೇರಾ ಸಂಖ್ಯೆ ಕೇಳುವುದಕ್ಕಿಂತ ಇದು ದೊಡ್ಡ ಕೆಲಸ.

● ಪ್ಲಾಟು ಕೊಳ್ಳಲು ಹೊರಟವರು ಸಂಚಕಾರ ಕೊಡುವ ಮುನ್ನ ಎರಡು ಸಂಖ್ಯೆ ಕೇಳಿ. ಕರ್ನಾಟಕ ರೇರಾದ ಯೋಜನಾ ಸಂಖ್ಯೆಯ ನಡುವೆ ‘ಪಿಆರ್’, ಏಜೆಂಟರ ಸಂಖ್ಯೆಯ ನಡುವೆ ‘ಎಜಿ’ ಎಂಬ ಅಕ್ಷರಗಳಿರುತ್ತವೆ. ಒಂದನ್ನೇ ಎರಡೂ ಕಡೆ ತೋರಿಸಿದರೆ ನಂಬಬೇಡಿ. ಉತಾರ (ಪಹಣಿ), ಎನ್ಎ ಆದೇಶ ನೋಡುವುದರ ಜತೆಗೆ ಎರಡೂ ಸಂಖ್ಯೆಗಳನ್ನು ರೇರಾ ಜಾಲತಾಣದಲ್ಲಿ ತಾಳೆ ನೋಡಿ. ಅಲ್ಲಿಯವರೆಗೆ ದುಡ್ಡು ನಿಮ್ಮ ಕಿಸೆಯಲ್ಲೇ ಇರಲಿ.